ಅತ್ತೆ ಜೋಪಾನ ಮಾಡಿದ ಬೂದಿ

ಈ ಸಲ ಅತ್ತೆಯ ನಂಬಿಕೆ ಗೆದ್ದೇ ತೀರುತ್ತೇನೆ ಎಂದು ಔಷಧಿ ಅಂಗಡಿಯ ಅಳಿಯ ಕನ್ನಡಿಯ ಮುಂದೆ ಘೋಷಿಸಿದಾಗ ಅವನ ಅರ್ಧ ಮುಖದ ಮೇಲೆ ಸೋಪಿನ ನೊರೆ ಇನ್ನೂ ಹಾಗೇ ಇತ್ತು. ಉಳಿದ ಅರ್ಧದಲ್ಲಿ ಮಾತ್ರ ದಂಡೆತ್ತಿ ಹೊರಟ ಚಕ್ರವರ್ತಿಯ ಕಳೆ! ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಹೆಂಡತಿ, ಮೊದಲು ಗಡ್ಡ ಪೂರ್ತಿ ತೆಗೆಯಿರಿ, ಅರ್ಧಕ್ಕೆ ಬಿಟ್ಟ ಕೆಲಸ ಕಂಡರೆ ಅಮ್ಮನಿಗೆ ಆಗುವುದಿಲ್ಲ ಎಂದು ಹೇಳಿ ಕಾರಿನ ಕೀಲಿ ಆಡಿಸುತ್ತ ಹೊರಟುಹೋದಳು. ಆಕೆ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು. ದಿನವಿಡೀ ಕಲಿಯುವವರು ಲಾರಿಯ ಬಾಯಿಗೆ ಕಾರು ನುಗ್ಗಿಸುವುದನ್ನು ನೋಡಿ ನೋಡಿ, ಮನೆಯ ಯಾವ ಸಂಗತಿಗೂ ಬೆಚ್ಚುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಮನೆಗೆ ಬೇಕಾದ ಅಷ್ಟೂ ಗಾಬರಿಯನ್ನು ಗಂಡನೇ ಒದಗಿಸುತ್ತಿದ್ದ.

ಬೀದಿಯಲ್ಲಿ ಅವನಿಗೆ 'ಎಕ್ಸ್‌ಪೈರಿ' ಎಂದೇ ಹೆಸರು. ಕೈಗೆ ಬಿಸ್ಕತ್ತು ಸಿಗಲಿ, ಬಲ್ಬು ಸಿಗಲಿ, ಮೊದಲು ಅಡಿಮೇಲು ಮಾಡಿ ತಾರೀಖು ಹುಡುಕುವುದು ಅವನ ಜಾಯಮಾನ. ಮದುವೆಯ ಆಮಂತ್ರಣ ಕೊಟ್ಟರೂ ಹಿಂದೆ ಮುಂದೆ ತಿರುಗಿಸಿ ನೋಡುತ್ತಾನೆ, ಎಲ್ಲಿಯವರೆಗೆ ನಡೆಯುತ್ತದೋ ಎಂದು! ಅವನ ಅಂಗಡಿಯಲ್ಲಿ ಒಂದೇ ಕಾನೂನು. ಹಳೆಯ ಸರಕು ಮುಂದೆ, ಹೊಸದು ಹಿಂದೆ. ಹಳೆಯದು ಖರ್ಚಾಗದೆ ಹೊಸದಕ್ಕೆ ಕೈ ಹಾಕಿದವನು ಅವನ ಲೆಕ್ಕದಲ್ಲಿ ಮನುಷ್ಯನೇ ಅಲ್ಲ.

ಇಂಥವನಿಗೆ ಸಿಕ್ಕ ಅತ್ತೆಯೋ, ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಯಾರನ್ನು ನೋಡಿದರೂ 'ಎಲ್ಲಿ, ತೋರಿಸಿ' ಎನ್ನುವ ಕಣ್ಣು. ಊರಿಗೆ ಹೋಗುವಾಗ ಮನೆಯ ಬೀಗದ ಕೈಯನ್ನು ಪಕ್ಕದ ಮನೆಯವರಿಗೆ ಕೊಡುತ್ತಿದ್ದರು, ಕುಂಡದ ಗಿಡಗಳನ್ನು ಹಾಲಿನವನಿಗೆ ಒಪ್ಪಿಸುತ್ತಿದ್ದರು. ಅಳಿಯನಿಗೆ? ಟಾಟಾ ಮಾಡುತ್ತಿದ್ದರು. ಮದುವೆಯಾದಾಗಿನಿಂದ ಇದು ಅವನ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಇಡೀ ಬೀದಿ ತನ್ನ ಕೈಯಿಂದ ಮಾತ್ರೆ ಇಸಿದುಕೊಂಡು ಕಣ್ಣು ಮುಚ್ಚಿ ನುಂಗುತ್ತದೆ, ಸ್ವಂತ ಅತ್ತೆ ಮಾತ್ರ ತನ್ನ ಕೈಗೆ ಒಂದು ಗಿಡವನ್ನೂ ಕೊಡುವುದಿಲ್ಲವಲ್ಲ!

ಅಂಥ ಅತ್ತೆ ಮಂಡಿಯ ಆಪರೇಷನ್ ಮಾಡಿಸಿಕೊಂಡು ಮಗಳ ಮನೆಗೆ ಬಂದು ಮಲಗಿದಾಗ ಅವನಿಗೆ ಬಾಗಿಲು ತೆರೆಯಿತು. ಅತ್ತೆಯ ಬಳಿ ಅಂಗೈಯಗಲದ ಒಂದು ಆಟದ ಯಂತ್ರವಿತ್ತು. ಅದರೊಳಗೆ ಅವರು ವರ್ಷಗಳಿಂದ ಬಗೆಬಗೆಯ ವಿಚಿತ್ರ ಪ್ರಾಣಿಗಳನ್ನು ಹಿಡಿದು, ಪಳಗಿಸಿ, ಒಂದು ಪಡೆಯನ್ನೇ ಕಟ್ಟಿದ್ದರು. ಬಂಡೆಯಂಥ ಗುಂಡ, ನೀರಿನ ಮೀನು ಜಾರು, ಹೀಗೆ ಒಂದೊಂದಕ್ಕೂ ಹೆಸರು. ಯಂತ್ರವನ್ನು ಜೇಬಿನಲ್ಲಿಟ್ಟುಕೊಂಡು ನಡೆದಷ್ಟೂ ಆ ಪ್ರಾಣಿಗಳಿಗೆ ಬಲ ಬರುತ್ತದಂತೆ. ಬರುವ ಭಾನುವಾರ ಅತ್ತೆಗೂ, ಅಂಥದೇ ಯಂತ್ರ ಇಟ್ಟುಕೊಂಡಿದ್ದ ಅವರ ತಂಗಿಗೂ ಫೋನಿನಲ್ಲಿ ಪಂದ್ಯ. ಕಳೆದ ಸಲ ತಂಗಿ ಗೆದ್ದು, ಗೆದ್ದದ್ದನ್ನು ನೆಂಟರಿಗೆಲ್ಲ ಸಾರಿ ಬಂದಿದ್ದರು. ಹೊಲಿಗೆ ಹಾಕಿದ ಮಂಡಿಯಲ್ಲಿ ಅತ್ತೆ ನಡೆಯುವುದು ಹೇಗೆ? ಕೊನೆಗೆ ಬೇರೆ ಗತಿಯಿಲ್ಲದೆ ಯಂತ್ರವನ್ನು ಅಳಿಯನ ಅಂಗೈಯಲ್ಲಿಟ್ಟರು.

"ಜೇಬಲ್ಲಿಟ್ಕೊಂಡು ನಡೀರಿ ಅಳಿಯಂದ್ರೇ. ಅಷ್ಟೇ. ಯಾವ ಗುಂಡೀನೂ ಒತ್ತಬೇಡಿ."

ಅವನು ನಡೆದ. ಎಂಥ ನಡಿಗೆ ಅಂತೀರಿ! ತಲೆನೋವಿನ ಮಾತ್ರೆ ಕೈಗೆಟುಕುವ ಡಬ್ಬಿಯಲ್ಲೇ ಇದ್ದರೂ ಹಿಂದಿನ ಕೋಣೆಯನ್ನು ಸುತ್ತಿ ಬಂದು ಕೊಟ್ಟ. ಸುತ್ತಿ ಬರುವಷ್ಟರಲ್ಲಿ ಕೆಲವರ ತಲೆನೋವೇ ಬಿಟ್ಟುಹೋಗುತ್ತಿತ್ತು. ಹೀಗೆ ನಡೆಯುತ್ತಿರುವಾಗ ಜೇಬು ಕುಂಯ್ ಎಂದಿತು. ತೆಗೆದು ನೋಡಿದರೆ ಪರದೆಯ ಮೇಲೆ ಯಾವುದೋ ಕಾಡುಜೀವಿ ಹಲ್ಲು ಕಿರಿದು ಕಾಲು ಕೆರೆಯುತ್ತಿದೆ. ಸುಮ್ಮನೆ ಜೇಬಿಗಿಟ್ಟಿದ್ದರೆ ಅದರ ಪಾಡಿಗೆ ಅದು ಹೋಗುತ್ತಿತ್ತು. ಆದರೆ ಅತ್ತೆಯ ಮನೆತನಕ್ಕೆ ಸವಾಲು! ಒತ್ತಿದ ಗುಂಡಿ. ಎರಡೇ ಏಟಿಗೆ ಗುಂಡ ಬೋರಲು ಬಿದ್ದ.

ಕಸುಬು ಕಸುಬೇ, ರೋಗಿ ಬಿದ್ದಾಗ ಔಷಧಿಯವನು ಕೈಕಟ್ಟಿ ಕೂರುತ್ತಾನೆಯೇ? ಎಕ್ಸ್‌ಪೈರಿ ಯಂತ್ರದೊಳಗಿದ್ದ ಅತ್ತೆಯ ಚೀಲ ತೆರೆದ. ಒಳಗಿನ ಒಂದೊಂದು ಔಷಧಿಯ ಪಕ್ಕದಲ್ಲೂ ಅದು ಬಂದ ತಾರೀಖು ನಮೂದಾಗಿತ್ತು. ನೋಡಿ ಅವನಿಗೆ ಖುಷಿಯಾಯಿತು, ಅತ್ತೆ ಅಂದರೆ ಹೀಗಿರಬೇಕು! ಆದರೆ ಎಲ್ಲಕ್ಕಿಂತ ಮೇಲೆ, ವರ್ಷಗಟ್ಟಲೆ ಹಿಂದಿನ ತಾರೀಖಿನ ಒಂದು ಪೊಟ್ಟಣ ಹಾಗೇ ಬಿದ್ದಿತ್ತು. ಒಂದು ಚಿಟಿಕೆ ಬೂದಿ. ಹಳೆಯ ಸರಕು! ಇದನ್ನು ಇಟ್ಟುಕೊಂಡು ಹೊಸದನ್ನು ಒಡೆಯುವುದೇ? 'ಇದು ಮತ್ತೆ ಸಿಗುವುದಿಲ್ಲ, ಬಳಸಬೇಕೆ?' ಎಂದು ಯಂತ್ರ ಕೇಳಿತು. ಸರಕು ಮುಗಿಯುತ್ತ ಬಂತು, ಆಮೇಲೆ ಸಿಗಲ್ಲ ಎಂದು ಹೆದರಿಸುವ ಸೇಲ್ಸ್‌ಮನ್‌ಗಳನ್ನು ಎಷ್ಟು ಕಂಡಿಲ್ಲ ಅವನು! ಹೌದು ಎಂದು ಒತ್ತಿದ. ಗುಂಡ ಎದ್ದ. ಏನೂ ಆಗದೆ ನಿಂತಿದ್ದ ಉಳಿದವೂ ಥಳಥಳ ಹೊಳೆದವು. ಕೆಲಸ ಮುಗಿದ ಮೇಲೆ ದಾಖಲು ಮಾಡುವುದು ಅಂಗಡಿಯ ಶಿಸ್ತಲ್ಲವೇ, ಇನ್ನು ಹಿಂದಕ್ಕೆ ಹೋಗಲಾಗದಂತೆ ಆಟವನ್ನು 'ಸೇವ್' ಮಾಡಿ ಮುಗಿಸಿದ.

ತನ್ನ ಚಿಕಿತ್ಸೆಯ ಸುದ್ದಿಯನ್ನು ಹೆಂಡತಿಗೆ ತಿಳಿಸದೆ ಇರಲಾಗಲಿಲ್ಲ. ಫೋನ್ ಮಾಡಿ, ಗುಂಡ ಬಿದ್ದಿದ್ದನೆಂದೂ ತಾನು ಹಳೇ ಬೂದಿಯೊಂದನ್ನು ಹಾಕಿ ಎಬ್ಬಿಸಿದೆನೆಂದೂ ಕೊಚ್ಚಿಕೊಂಡ. ಆ ಕಡೆ ಅವಳು ಪಕ್ಕದಲ್ಲಿದ್ದ ಯಾರಿಗೋ ಗಾಡಿ ಸೈಡಿಗೆ ಹಾಕಿ ಎಂದದ್ದು ಕೇಳಿಸಿತು.

"ರೀ, ಅದು ಅಮ್ಮನ ಬೂದಿ. ಪಡೆಯೆಲ್ಲ ಬಿದ್ದು ಸೋಲ್ತೀವಿ ಅನ್ನೋವಾಗ ಒಂದು ಚಿಟಿಕೆ ಹಾಕಿದ್ರೆ ಎಲ್ಲಾನೂ ಒಟ್ಟಿಗೆ ಎದ್ದು ನಿಲ್ಲುತ್ತೆ. ಆಟಕ್ಕೆಲ್ಲ ಒಂದೇ ಸಿಗೋದು. ಇಷ್ಟು ವರ್ಷ ಮುಟ್ಟದೆ ಇಟ್ಟಿದ್ದನ್ನ ಭಾನುವಾರಕ್ಕೆ ಅಂತ ಎತ್ತಿಟ್ಟಿದ್ರು."

"ಅತ್ತೆಯ ಬೂದಿನಾ?" ಎಂದ ಅವನ ದನಿ ಅಂಗಡಿಯ ಹೊರಗಿನವರೆಗೆ ಹೋಯಿತು. ಕೆಮ್ಮಿನ ಔಷಧಿಗೆ ಕಾದು ನಿಂತಿದ್ದ ಮುದುಕರೊಬ್ಬರು ತಲೆಯ ಟೋಪಿ ತೆಗೆದು, ಪಾಪ, ಯಾವಾಗ ಹೋದರು ಎಂದು ಮೆಲ್ಲಗೆ ಕೇಳಿದರು.

"ಇಲ್ಲ ಇಲ್ಲ, ಚೆನ್ನಾಗಿದ್ದಾರೆ," ಎಂದ ಎಕ್ಸ್‌ಪೈರಿ. "ಅದೇ ಭಯ."

ಇವತ್ತೇ ಹೇಳಿಬಿಡಿ ಎಂಬುದು ಹೆಂಡತಿಯ ಸಲಹೆ. ಬ್ರೇಕು ಎಷ್ಟು ತಡವಾಗಿ ಒತ್ತುತ್ತೀರೋ ಗಾಡಿ ಅಷ್ಟು ದೂರ ಹೋಗಿ ನಿಲ್ಲುತ್ತದೆ, ಆಮೇಲೆ ನನ್ನ ಮೇಲೆ ರೇಗಬೇಡಿ ಎಂದಳು. ಸಂಜೆ ಅವನು ಅತ್ತೆಯ ಕೋಣೆಗೆ ಹೋದದ್ದು ತಪ್ಪೊಪ್ಪಿಕೊಳ್ಳುವುದಕ್ಕೇ. ಅತ್ತೆ ದಿಂಬಿನ ಮೇಲೆ ಕಾಲು ನೀಡಿ ಕೂತಿದ್ದರು. ಟಿಕೆಟ್ ಇಲ್ಲದವರೆಲ್ಲ ತನ್ನನ್ನು ಕಂಡ ಕೂಡಲೇ ಕಿಟಕಿಯ ಹೊರಗೆ ನೋಡುತ್ತಿದ್ದರು ಎಂದು ಅತ್ತೆ ಆಗಾಗ ಹೇಳುವುದುಂಟು. ಅದು ನೆನಪಾಗುವ ಹೊತ್ತಿಗೆ ಎಕ್ಸ್‌ಪೈರಿ ಕಿಟಕಿಯ ಹೊರಗೇ ನೋಡುತ್ತಿದ್ದ! ಗಾಬರಿಯಿಂದ ಮುಖ ತಿರುಗಿಸಿ ಫ್ಯಾನು ನೋಡಿದ.

ಅತ್ತೆ ಚೀಲವನ್ನೇನೂ ತೆರೆಯಲಿಲ್ಲ. ಬಾಗಿಲು ಮುಂದಕ್ಕೆ ಹಾಕಿ ಬಂದು ಕೂರಲು ಹೇಳಿದರು. ದನಿ ತಗ್ಗಿಸಿ, ಭಾನುವಾರ ಯಾವ ಪ್ರಾಣಿಯನ್ನು ಮೊದಲು ಇಳಿಸುವುದು, ಯಾವುದು ಆಮೇಲೆ ಎಂಬುದನ್ನು ಒಂದೊಂದಾಗಿ ವಿವರಿಸಿದರು. ಮೊದಲು ಇಳಿಯುವುದು ಜಾರು. ಗುಂಡ ಕಟ್ಟಕಡೆಗೆ.

"ನಿಮ್ಮೊಬ್ರಿಗೇ ಹೇಳ್ತಿದೀನಿ ಅಳಿಯಂದ್ರೇ. ಮಗಳಿಗೂ ಹೇಳಿಲ್ಲ."

ಎಕ್ಸ್‌ಪೈರಿಗೆ ಕಣ್ಣು ತುಂಬಿ ಬಂತು. ಗಿಡ ಕೇಳಿದವನಿಗೆ ತೋಟವೇ ಸಿಕ್ಕಿತ್ತು! ಆದರೆ ಇಷ್ಟು ನಂಬಿದವರ ಮುಂದೆ ಬೂದಿಯ ಸುದ್ದಿ ಎತ್ತುವುದು ಯಾವ ಬಾಯಿಂದ? ತಲೆಯಾಡಿಸಿ, ಯಂತ್ರವನ್ನು ಮತ್ತೆ ಜೇಬಿಗೆ ಹಾಕಿಕೊಂಡು ಹೊರಬಂದ.

ಮಾರನೆಯ ದಿನ ಅಂಗಡಿಗೆ ಚಿಕ್ಕತ್ತೆಯ ಫೋನು ಬಂತು. ಚಿಕ್ಕತ್ತೆ ಎಂದರೆ ಅತ್ತೆಯ ಅದೇ ತಂಗಿ, ಭಾನುವಾರದ ಎದುರಾಳಿ. ಅಕ್ಕನ ಮಂಡಿ ಹೇಗಿದೆ ಎಂದು ದಿನವೂ ತಪ್ಪದೆ ವಿಚಾರಿಸುತ್ತಿದ್ದರು. ಬಟ್ಟೆ ಅಂಗಡಿ ನಡೆಸಿದ ಹೆಂಗಸು, ಮಾತಿನಲ್ಲಿ ಬೆಣ್ಣೆ. ಯಾಕೋ ದನಿ ಸಪ್ಪಗಿದೆಯಲ್ಲ ಎಂದು ಅವರು ಕೇಳಿದ್ದೇ ತಡ, ಎಕ್ಸ್‌ಪೈರಿ ಕಟ್ಟೆಯೊಡೆದ ಕೆರೆಯಾದ. ಅಷ್ಟನ್ನೂ ಹೇಳಿಕೊಂಡು ಅತ್ತೇಬಿಟ್ಟ. ಚಿಕ್ಕತ್ತೆ ಸಮಾಧಾನದಿಂದ ಕೇಳಿ, ಇಷ್ಟೇ ತಾನೆ, ತನ್ನ ಹತ್ತಿರವೂ ಒಂದು ಬೂದಿ ಹಾಗೇ ಇದೆ, ಕಳಿಸಿದರಾಯಿತು ಎಂದರು. ಅವನು ಫೋನಿಗೇ ಕೈಮುಗಿದ.

"ಬದಲಿಗೆ ಜಾಸ್ತಿ ಏನೂ ಬೇಡ," ಎಂದರು ಚಿಕ್ಕತ್ತೆ. "ಅಕ್ಕ ಮೊದಲು ಯಾರನ್ನ ಇಳಿಸ್ತಾಳೆ, ಆಮೇಲೆ ಯಾರನ್ನ, ಅಷ್ಟು ಹೇಳಿ ಸಾಕು."

ಯಾರಿಗೆ ಯಾವ ಕಾಯಿಲೆಯ ಔಷಧಿ ಎಂದು ಇದುವರೆಗೆ ನರಪಿಳ್ಳೆಗೂ ಬಾಯಿಬಿಡದ ಎಕ್ಸ್‌ಪೈರಿ! ಸಾಧ್ಯವಿಲ್ಲ ಎಂದ. ಆಗಲಿ ಬಿಡಿ ಎಂದರು ಚಿಕ್ಕತ್ತೆ, ಅವಸರವೇನಿಲ್ಲ, ಅಕ್ಕ ಚೀಲ ತೆರೆಯುವುದರೊಳಗೆ ಹೇಳಿದರಾಯಿತು. ಅತ್ತೆ ಚೀಲ ತೆರೆಯುವ ದೃಶ್ಯ ಕಣ್ಣ ಮುಂದೆ ಬಂದದ್ದೇ, ಅವನ ನಾಲಿಗೆ ಅವನ ಮಾತು ಕೇಳಲಿಲ್ಲ. ಮೊದಲು ಜಾರು ಎಂದಿತು. ಕೊನೆಗೆ ಗುಂಡ ಎಂದಿತು. ನಡುವಿನವನ್ನೂ ಬಿಡದೆ ಒಪ್ಪಿಸಿತು. ಚಿಕ್ಕತ್ತೆ ಮಾತಿಗೆ ತಪ್ಪುವವರಲ್ಲ. ಆ ಕಡೆ ಯಂತ್ರದಿಂದ ಈ ಕಡೆ ಯಂತ್ರಕ್ಕೆ ಬೂದಿಯ ಪೊಟ್ಟಣ ಆ ಕ್ಷಣವೇ ಬಂದು ಬಿತ್ತು.

ಬೂದಿ ಬಂತು, ನೆಮ್ಮದಿ ಹೋಯಿತು. ಮೊದಲು ಬರೀ ಕೈತಪ್ಪು ಮಾಡಿದವನು ಈಗ ಅತ್ತೆಯನ್ನೇ ಶತ್ರುವಿಗೆ ಮಾರಿದ್ದ. ಮದ್ದಿಗೆ ಬಂದವರಿಗೆಲ್ಲ ಏನಂದಿರಿ ಎಂದು ಮತ್ತೆ ಮತ್ತೆ ಕೇಳತೊಡಗಿದ. ಎದೆಯುರಿಗೆ ತಾನೇ ಮಾತ್ರೆ ನುಂಗಿದ, ತಾರೀಖು ನೋಡುವುದನ್ನೂ ಮರೆತು! ಅದು ಗೊತ್ತಾಗಿ ಇನ್ನೊಂದಿಷ್ಟು ಎದೆಯುರಿ. ಶನಿವಾರ ತಡೆಯಲಾರದೆ ಅತ್ತೆಯ ಮುಂದೆ ನಿಂತು, ಮೊದಲು ಗುಂಡನನ್ನೇ ಇಳಿಸಿದರೆ ಹೇಗೆ ಎಂದು ಸುತ್ತಿ ಬಳಸಿ ಕೇಳಿದ. ಯಾಕೆ ಎಂದರು ಅತ್ತೆ. ಸುಮ್ಮನೆ ಎಂದ. ಅತ್ತೆ ಅವನ ಮುಖ ನೋಡಿ, ಕನ್ನಡಕ ಒರೆಸಿಕೊಂಡು, ಹೇಳಿದ್ದು ಹೇಳಿದ ಹಾಗೇ ಎಂದುಬಿಟ್ಟರು.

ಭಾನುವಾರ ಬಂದೇಬಂತು. ನಡುಮನೆಯಲ್ಲಿ ಅತ್ತೆಯ ಕುರ್ಚಿ, ಮಂಡಿಗೆ ದಿಂಬು, ಮೇಜಿನ ಮೇಲೆ ಚಿಕ್ಕತ್ತೆಯ ದನಿ ಹೊತ್ತ ಫೋನು. ಹೆಂಡತಿ ಕಾಫಿ ಹಿಡಿದು ನೆಮ್ಮದಿಯಾಗಿ ಕೂತಿದ್ದಳು. ಎಕ್ಸ್‌ಪೈರಿ ಬಾಗಿಲ ಬಳಿ ನಿಂತಿದ್ದ, ಓಡುವುದಕ್ಕೆ ಅನುಕೂಲವಾಗಲೆಂದು. ಚಿಕ್ಕತ್ತೆ ಮಿಂಚು ಕಾರುವ ಪ್ರಾಣಿಯೊಂದನ್ನು ಇಳಿಸಿದರು. ಎದುರಿಗೆ ಮೀನು ಬಂದರೆ ಒಂದೇ ಏಟಿಗೆ ಸುಟ್ಟು ಕರಿಕಲು! ಅವನು ಕಣ್ಣು ಮುಚ್ಚಿದ.

ಕಣ್ಣು ತೆರೆದರೆ ಪರದೆಯ ಮೇಲೆ ನಿಂತಿದ್ದವನು ಗುಂಡ. ಮಿಂಚು ಬಂಡೆಗೆ ಏನು ಮಾಡೀತು? ಫೋನಿನೊಳಗೆ ಚಿಕ್ಕತ್ತೆ, ಮೊದಲು ಜಾರು ಅಲ್ವೇನೇ ಎಂದವರು ನಾಲಿಗೆ ಕಚ್ಚಿಕೊಂಡರು. ಅಲ್ಲಿಂದ ಮುಂದೆ ಅವರು ಹೂಡಿದ್ದೆಲ್ಲ ತಲೆಕೆಳಗು. ಅವರ ಪಡೆ ಒಂದೊಂದಾಗಿ ಮಗುಚಿತು. ಎಬ್ಬಿಸೋಣವೆಂದರೆ ಬೂದಿಯೆಲ್ಲಿ? ಅದು ಅಕ್ಕನ ಚೀಲದಲ್ಲಿತ್ತು! ಮಂಡಿ ಜೋಪಾನ ಎಂದು ಒಂದು ಮಾತು ಗೊಣಗಿ ಚಿಕ್ಕತ್ತೆ ಫೋನಿಟ್ಟರು.

ಅತ್ತೆ ಮನಸ್ಸು ಬದಲಾಯಿಸಿದ್ದಾರೆ, ಅದೂ ತನ್ನ ಶನಿವಾರದ ಮಾತು ಕೇಳಿ! ಎಕ್ಸ್‌ಪೈರಿಯ ಎದೆ ಒಂದು ಗೇಣು ಉಬ್ಬಿತು. ಗುಂಡನ ವಿಷಯ ನಾನು ಮೊದಲೇ ಅಂದಿದ್ದೆನಲ್ಲ ಎಂದು ಹೆಂಡತಿಯ ಕಡೆ ತಿರುಗಿ ಮೀಸೆ ತಿರುವುವಷ್ಟರಲ್ಲಿ ಅತ್ತೆ ಚೀಲ ತೆರೆದರು.

"ಈ ಬೂದಿ ಬಂದ ತಾರೀಖು ಮೊನ್ನೇದು ಅಂತಿದೆಯಲ್ಲ ಅಳಿಯಂದ್ರೇ?"

ಜಗತ್ತಿನ ಪ್ರತಿಯೊಂದು ತಾರೀಖನ್ನೂ ನೋಡಿದವನು ಅದೊಂದನ್ನು ನೋಡಿರಲಿಲ್ಲ. ಅಲ್ಲಿಗೆ ಮೀಸೆ ಇಳಿಯಿತು. ಕಾಡುಜೀವಿ, ಹಳೇ ಸರಕು, ಚಿಕ್ಕತ್ತೆ, ನಾಲಿಗೆ, ಎಲ್ಲವನ್ನೂ ನಿಂತಲ್ಲೇ ತೊದಲುತ್ತ ಒಪ್ಪಿಸಿದ. ನಿಮ್ಮ ನಂಬಿಕೆಗೆ ದ್ರೋಹ ಮಾಡಿದೆ ಅತ್ತೆ ಎಂದು ಕೈಮುಗಿದ. ಅತ್ತೆ ಅರ್ಧಕ್ಕೆ ತಡೆಯದೆ ಪೂರ್ತಿ ಕೇಳಿದರು. ಬೂದಿಯ ವಿಷಯವೊಂದು ಮಾತ್ರ ತಮಗೆ ಹೊಸದು ಎಂದರು.

"ಹಾಗಾದ್ರೆ ಗುಂಡನ್ನ ಮೊದಲು ಇಳಿಸಿದ್ದು?"

"ಮೊದಲಿಂದಲೂ ಅವನೇ ಮೊದಲು. ಜಾರು ಅಂದಿದ್ದು ನಿಮಗೆ ಮಾತ್ರ. ನನ್ನ ಮಂಡಿ ಮೇಲೆ ಅವಳಿಗೆ ದಿನಾ ನಿಮ್ಮ ಅಂಗಡಿಗೆ ಫೋನ್ ಮಾಡೋವಷ್ಟು ಪ್ರೀತಿ ಯಾವಾಗ ಹುಟ್ಟಿತು? ಅವಳ ಕಿವಿಗೆ ಬೀಳಲಿ ಅಂತಲೇ ಹೇಳಿದ್ದು."

ಎಕ್ಸ್‌ಪೈರಿ ಉಳಿದಿದ್ದ ಚೂರುಪಾರು ಮಾನವನ್ನೆಲ್ಲ ಒಟ್ಟುಮಾಡಿ ಕೇಳಿದ. "ಒಂದು ವೇಳೆ ನಾನು ಬಾಯಿ ಬಿಡದೇ ಇದ್ದಿದ್ರೆ ಅತ್ತೆ?"

ಅತ್ತೆ ಅಳಿಯನನ್ನು ನೋಡಿದರು. ಆ ಕಣ್ಣುಗಳಲ್ಲಿ ಅಷ್ಟೊಂದು ಅಕ್ಕರೆಯನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

"ಛೆ, ಹಾಗೆಲ್ಲ ಅನ್ಬೇಡಿ ಅಳಿಯಂದ್ರೇ. ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆ ಇತ್ತು."