ಪಕ್ಕದ ಮನೆಯ ಕಾನೂನು

ನನಗೊಂದು ಕೆಟ್ಟ ಚಾಳಿ ಇದೆ. ಗೊತ್ತಿರುವುದಕ್ಕಿಂತ ಗೊತ್ತಿಲ್ಲದ್ದನ್ನೇ ಹೆಚ್ಚು ಧೈರ್ಯದಿಂದ ಹೇಳುತ್ತೇನೆ. ಸೌದಿಯ ದಹ್ರಾನಿನ ಕಂಪನಿಯೊಂದರ ಕಾನೂನು ವಿಭಾಗದಲ್ಲಿ ಇಪ್ಪತ್ತು ವರ್ಷಗಳಿಂದ ಟೈಪಿಸ್ಟ್ ನಾನು. ದಿನಾ ದೇವಸ್ಥಾನದ ಗಂಟೆ ಒರೆಸಿದವನಿಗೆ ಮಂತ್ರ ಬಂದೀತೇ? ಆದರೂ ಇಲ್ಲಿರುವ ಊರವರೆಲ್ಲ ‘ಶೆಟ್ರೇ’ ಎನ್ನುವುದು ಬಿಟ್ಟು ‘ವಕೀಲ್ರೇ’ ಎನ್ನುತ್ತಿದ್ದರು, ನಾನು ಬೇಡವೆನ್ನಲಿಲ್ಲ. ಮನೆಯಲ್ಲಿ ಮಾತ್ರ ಆ ಗೌರವವಿಲ್ಲ. “ಪಕ್ಕದ ಮನೆಯವರು ಊಟ ಆದ ಮೇಲೆ ಅವರ ತಟ್ಟೆ ಅವರೇ ತೊಳೀತಾರೆ, ಗೊತ್ತುಂಟಾ?” ಎನ್ನುತ್ತಾಳೆ ಹೆಂಡತಿ. “ಪಕ್ಕದ ಮನೆಯ ಕಾನೂನು ಈ ಮನೆಯಲ್ಲಿ ನಡೆಯುವುದಿಲ್ಲ” ಎಂದು ಮೊಬೈಲಿನಿಂದ ತಲೆ ಎತ್ತದೆ ತೀರ್ಪು ಕೊಡುತ್ತೇನೆ.

ಇದೇ ತೀರ್ಪನ್ನು ಹಮೀದನಿಗೂ ಕೊಟ್ಟಿದ್ದೆ. ಉಳ್ಳಾಲದ ಹಮೀದ್ ಇಲ್ಲೇ ಹತ್ತಿರದ ರಾಸ್ ತನೂರಾ ಎಂಬಲ್ಲಿ ತೈಲ ಕಾರ್ಖಾನೆಯ ಫಿಟ್ಟರ್ ಆಗಿದ್ದ. ಅಮೆರಿಕದಲ್ಲಿ ತಯಾರಾದ ವಾಲ್ವೊಂದು ಸಿಡಿದು ಅವನ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ವಾಲ್ವ್ ಸರಿಯಿತ್ತು, ಬಿಗಿದವನದೇ ತಪ್ಪು ಎಂದು ತಯಾರಕರು ಬರೆದು ಕಳಿಸಿದರು. “ನಾನು ಸರಿಯಾಗಿಯೇ ಬಿಗಿದದ್ದು ವಕೀಲ್ರೇ. ಅದನ್ನು ಒಬ್ಬ ಜಡ್ಜ್ ಹೇಳಿದ್ರೆ ಸಾಕು.” ಇದೊಂದೇ ಅವನ ಹಟ. ಅಮೆರಿಕದ ಕೋರ್ಟಿಗೇ ಹೋಗುವುದೆಂದಾಯಿತು.

“ಇಲ್ಲಿ ಕೇಸು ಹಾಕ್ಲಿಕ್ಕೆ ಗಡುವು ಉಂಟಂತೆ. ಅದು ಅಲ್ಲಿಗೂ ತಾಗ್ತದಾ?” ಎಂದು ಕೇಳಿದ.

“ಎಂತ ಮಾರಾಯ, ಅಮೆರಿಕದ ಜಡ್ಜ್ ಸೌದಿಯ ಕಾನೂನು ನೋಡ್ತಾನಾ? ಗಾಯ ಪೂರ್ತಿ ಮಾಗಲಿ, ಊರಿಗೆ ಹೋಗಿ ಬಾ” ಎಂದೆ. ನಂಬಿದ. ಊರಿಗೆ ಹೋಗಿ, ಮಗಳ ನಿಕಾಹ್ ಮುಗಿಸಿ ಬಂದ ಮೇಲೆಯೇ ಅಮೆರಿಕದ ವಕೀಲರಿಗೆ ಕಾಗದಪತ್ರ ಕಳಿಸಿದ.

ಕಳೆದ ವಾರ ಆದೇಶ ನನ್ನ ಮೇಲ್‌ಗೇ ಬಂತು. ಹಮೀದನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅಪಘಾತ ನಡೆದದ್ದು ಸೌದಿಯಲ್ಲಿ, ಆದ್ದರಿಂದ ಸೌದಿಯ ಗಡುವೇ ಅಮೆರಿಕದ ಕೋರ್ಟಿಗೂ ಅನ್ವಯ, ಅದು ಮೀರಿದೆ, ದಾವೆ ವಜಾ. ಆ ಜಡ್ಜ್ ಸೌದಿಯ ಕಾನೂನು ಬಲ್ಲವರೊಬ್ಬರನ್ನು ಕರೆಸಿ, ಸಾಲು ಸಾಲಾಗಿ ಓದಿಸಿ ಕೇಳಿದ್ದರು. ಆ ಕಾನೂನಿನ ನೆಲದಲ್ಲೇ ಕೂತ ನಾನು ಒಂದು ಸಾಲೂ ಓದಿರಲಿಲ್ಲ. ವಾಲ್ವ್ ಯಾಕೆ ಸಿಡಿಯಿತೆಂಬ ಮಾತು ಆದೇಶದಲ್ಲಿ ಎಲ್ಲೂ ಇರಲಿಲ್ಲ. ನನಗೆ ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು.

ಶುಕ್ರವಾರ ಹಮೀದನನ್ನು ಊಟಕ್ಕೆ ಕರೆದು ಎಲ್ಲ ಓದಿ ಹೇಳಿದೆ. ಅವನು ಎಡಗೈಯ ಚಮಚದಲ್ಲಿ ಅನ್ನ ಮುಗಿಸಿದ.

“ಹಾಗಾದ್ರೆ ತಪ್ಪು ನನ್ನದೇ ಅಂತ ಆಯ್ತಾ?”

“ಹಾಗೆ ಹೇಳಿಲ್ಲ ಹಮೀದ್.”

“ಅಲ್ಲ ಅಂತಲೂ ಹೇಳಲಿಲ್ಲ.”

ಕ್ಷಮೆ ಕೇಳಲು ಬಾಯಿ ತೆರೆದೆ. “ಬಿಡಿ ಶೆಟ್ರೇ, ನೀವೆಂತ ಮಾಡ್ತೀರಿ? ನೀವು ವಕೀಲರಲ್ಲ ಅಲ್ವಾ” ಎಂದು ಎದ್ದು ತನ್ನ ತಟ್ಟೆ ತೆಗೆದುಕೊಂಡು ಸಿಂಕಿಗೆ ಹೋದ. ಅವನ ರೂಮಿನಲ್ಲಿ ಅದೇ ಕ್ರಮವಂತೆ. ಒಂದೇ ಕೈಯಲ್ಲಿ ತೊಳೆಯಲು ಹೊರಟರೆ ತಟ್ಟೆ ತಿರುಗಿ ತಿರುಗಿ ಜಾರುತ್ತದೆ. ಹೋಗಿ ಹಿಡಿದುಕೊಂಡೆ. ಆಮೇಲೆ ನನ್ನ ತಟ್ಟೆಯನ್ನೂ ತೊಳೆದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪಕ್ಕದ ಮನೆಯ ಹೆಸರೆತ್ತಲಿಲ್ಲ.