ದೊಡ್ಡಮ್ಮ ಕೂತರೆ ಸೋರುವ ದೋಣಿ

ಈಜು ಬಾರದವನು ದೋಣಿ ಕೊಳ್ಳಬಾರದು. ಇದನ್ನು ನನಗೆ ಯಾರೂ ಹೇಳಲಿಲ್ಲ ಎಂದೇನಲ್ಲ. ಹೆಂಡತಿ ಹೇಳಿದ್ದಳು, ಅದಕ್ಕೇ ಕೊಂಡೆ. ಬಚ್ಚಲಿನಲ್ಲಿ ಬಕೆಟ್ ತುಂಬಿ ಹರಿದರೂ ಎದೆ ಡವಡವ ಎನ್ನುವ ಮನುಷ್ಯ ನಾನು. ಆದರೂ ಸೂಲಿಬೆಲೆ ಕಡೆಯ ನಮ್ಮೂರ ಕೆರೆಯಲ್ಲಿ ಮೀನು ಸಾಕುವ ಗುತ್ತಿಗೆ ನನಗೂ ಗೆಳೆಯ ನಯಾಜನಿಗೂ ಸಿಕ್ಕಾಗ, ಮೇವು ಹಾಕಿ ಬರಲು ಒಂದು ಹಳೆಯ ಫೈಬರ್ ಮೋಟಾರ್ ದೋಣಿ ತಂದೆವು. ನಯಾಜನಿಗೆ ಹೊಸಕೋಟೆಯಲ್ಲಿ ಪಂಕ್ಚರ್ ಅಂಗಡಿ. ನಾನು ಅಲ್ಲೇ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟು ನೋಡಿಕೊಳ್ಳುವವನು. ದೋಣಿಯಲ್ಲಿ ಇಬ್ಬರೂ ಹಿಂದೆ, ಇಂಜಿನ್ನಿನ ಪಕ್ಕದಲ್ಲೇ ಕೂರುತ್ತಿದ್ದೆವು. ಅವನು ಓಡಿಸುವುದಕ್ಕೆ, ನಾನು ಅವನ ಅಂಗಿ ಹಿಡಿದುಕೊಳ್ಳುವುದಕ್ಕೆ.

ಆಯುಧಪೂಜೆ ಬಂತು. ಸ್ಕೂಟರಿಗೆ, ಪಂಪ್‌ಸೆಟ್ಟಿಗೆ, ಮಿಕ್ಸಿಗೆ ಪೂಜೆ ಮಾಡುವವರು ದೋಣಿಯನ್ನು ಬಿಡುವುದುಂಟೇ? ದಡಕ್ಕೆಳೆದು ತೊಳೆದು ಬಾಳೆಕಂದು ಕಟ್ಟಿದೆವು. ಚಕ್ರವೇ ಇಲ್ಲದ ಗಾಡಿಗೆ ನಿಂಬೆಹಣ್ಣು ಎಲ್ಲಿಡಬೇಕೆಂದು ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ ನಿಂಬೆಹಣ್ಣನ್ನು ನಯಾಜ್ ಶರಬತ್ತು ಮಾಡಿಕೊಂಡು ಕುಡಿದ. ಪೂಜೆಯ ಯಜಮಾನಿಕೆ ನಮ್ಮ ದೊಡ್ಡಮ್ಮನದು. ದೊಡ್ಡಮ್ಮ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಆಳೂ ದೊಡ್ಡದು, ದನಿಯೂ ದೊಡ್ಡದು, ನನ್ನ ಮೇಲಿನ ಪ್ರೀತಿ ಅವೆರಡಕ್ಕಿಂತ ದೊಡ್ಡದು. ದೋಣಿಯ ಮೂತಿಗೆ ಎಣ್ಣೆಯಲ್ಲಿ ಕಲಸಿದ ಅರಿಶಿನ ಕುಂಕುಮ ಬಳಿದು, "ಲೇ ಮಂಜ, ಇಲ್ಲೇ ಕಾಯಿ ಒಡಿಲಾ, ಗಟ್ಟಿಯಾಗಿ!" ಎಂದರು. ನಾನು ಒಡೆದೆ. ಒಂದೇ ಏಟಿಗೆ ಸಮನಾಗಿ ಎರಡು ಹೋಳು! ನಯಾಜ್ ಅದನ್ನು ಮೊಬೈಲಿನಲ್ಲಿ ವೀಡಿಯೊ ಮಾಡಿದ್ದ. ಕಾರ್ಖಾನೆಯಲ್ಲಿ ಅದನ್ನು ನೋಡದೆ ಉಳಿದವರು ಆ ವಾರ ರಜೆಯಲ್ಲಿದ್ದವರು ಮಾತ್ರ.

ಆಮೇಲೆ ಮಳೆ ಹಿಡಿದು ಕೆರೆ ತುಂಬಿ ಕೋಡಿ ಹರಿಯಿತು. ಕೆರೆ ತುಂಬಿದರೆ ನಡುನೀರಿನಲ್ಲಿ ಗಂಗಮ್ಮನಿಗೆ ಬಾಗಿನ ಬಿಡುತ್ತೇನೆಂದು ದೊಡ್ಡಮ್ಮ ಎಂದೋ ಹರಕೆ ಹೊತ್ತಿದ್ದರಂತೆ. ಒಂದು ಶುಕ್ರವಾರ ಮೊರದಲ್ಲಿ ಬಳೆ, ಬಿಚ್ಚೋಲೆ, ರವಿಕೆ ಬಟ್ಟೆ ಜೋಡಿಸಿಕೊಂಡು, ಕಾಲುಂಗುರ ಸದ್ದು ಮಾಡುತ್ತಾ ಬಂದು ದೋಣಿಯ ಮುಂದಿನ ಹಲಗೆಯ ಮೇಲೆ ಕೂತರು. ದಡದ ತುಂಬ ಊರ ಹೆಂಗಸರು. ಸಲೀಸಾಗಿ ಹೊರಟೆವು. ಕೆರೆಯ ಮಧ್ಯ ತಲುಪುವಷ್ಟರಲ್ಲಿ ನನ್ನ ಪಾದ ತಣ್ಣಗಾಯಿತು. ಭಕ್ತಿಯಿಂದ ಇರಬಹುದೆಂದುಕೊಂಡೆ. ಬಗ್ಗಿ ನೋಡಿದರೆ ನೀರು! ನನ್ನ ಚಪ್ಪಲಿ ತೇಲಿಕೊಂಡು ದೊಡ್ಡಮ್ಮನ ಕಡೆ ಹೊರಟಿತ್ತು.

"ನಯಾಜ್! ನೀರು!" ಎಂದು ಚೀರಿದೆ.

"ಕೆರೇಲಿ ನೀರಿರದೆ ಇನ್ನೇನಿರುತ್ತೆ ಭಾಯ್?" ಎಂದವನು ಕಾಲಬುಡ ನೋಡಿಕೊಂಡು ಸುಮ್ಮನಾದ. ಅವನು ಸುಮ್ಮನಾದದ್ದನ್ನು ನಾನು ನೋಡಿದ್ದು ಅದೇ ಮೊದಲು; ನೀರಿಗಿಂತ ಅದಕ್ಕೇ ಹೆಚ್ಚು ಹೆದರಿದೆ. ಅವನು ದೋಣಿ ತಿರುಗಿಸಿದ. ನಾನು ಪೂಜೆಯ ತಂಬಿಗೆ ಕಿತ್ತುಕೊಂಡು ನೀರು ಮೊಗೆದು ಹೊರಚೆಲ್ಲತೊಡಗಿದೆ. ಮೊಗೆದಷ್ಟೂ ಬರುತ್ತಿತ್ತು. ನೆನಪಿಗೆ ಬಂದ ದೇವರನ್ನೆಲ್ಲ ಕೂಗಿದೆ. ದೊಡ್ಡಮ್ಮ ಮಾತ್ರ ಮೊರವನ್ನು ತಲೆಯ ಮೇಲೆತ್ತಿ ಹಿಡಿದು ಅಲುಗಾಡದೆ ಕೂತಿದ್ದರು. ದಡ ಮುಟ್ಟಿದಾಗ ನೀರು ಮೊಣಕಾಲ ಹತ್ತಿರ ಬಂದಿತ್ತು.

ಜೀವ ಉಳಿಯಿತು, ನಿಜ. ಆದರೆ ದಡದಲ್ಲಿ ಯಾರೋ ಅಂದುಬಿಟ್ಟರು: "ಇಷ್ಟು ದಿನ ಸೋರದೆ ಇದ್ದ ದೋಣಿ, ಆವಮ್ಮ ಕೂತ ಗಳಿಗೇಲೇ ಸೋರ್ತಲ್ಲ. ಎಂಥಾ ಕಾಲ್ಗುಣನಪ್ಪಾ!" ನೀರಿನಲ್ಲಿ ಹೆದರದ ದೊಡ್ಡಮ್ಮ ಆ ಮಾತಿಗೆ ಕುಸಿದರು. ಒದ್ದೆ ಸೆರಗು ಹಿಂಡಿಕೊಳ್ಳುತ್ತಾ, "ನನ್ ಕಾಲೇ ಸರಿ ಇಲ್ವೇನೋ ಕಣೋ. ಇನ್ಮೇಲೆ ಕೆರೆ ಕಡೆ ಬರಾಕಿಲ್ಲ ಬಿಡು," ಎಂದು ಬಾಗಿನವನ್ನು ಮನೆಗೆ ವಾಪಸು ಹೊತ್ತುಕೊಂಡು ಹೋದರು. ಮುಂದಿನ ಶುಕ್ರವಾರದೊಳಗೆ ತೂತು ಹುಡುಕಿ ದೊಡ್ಡಮ್ಮನ ಕೈಯಲ್ಲೇ ಬಾಗಿನ ಬಿಡಿಸುತ್ತೇನೆ ಎಂದು ಎಲ್ಲರೆದುರು ಹೇಳಿಬಿಟ್ಟೆ.

ಹೇಳಿದ್ದೇನೋ ಸರಿ, ತೂತು ಎಲ್ಲಿದೆ? ನಯಾಜನಿಗೆ ಗೊತ್ತಿದ್ದದ್ದು ಪಂಕ್ಚರ್ ವಿದ್ಯೆ. ದೋಣಿಯನ್ನು ದಡದಲ್ಲಿ ಮಗುಚಿ ಸೋಪಿನ ನೊರೆ ಬಳಿದು, ಒಳಗಿನಿಂದ ಊದು ಎಂದು ನನಗೆ ಹೇಳಿದ. ಊದಿ ಊದಿ ನನಗೆ ತಲೆ ತಿರುಗಿತೇ ಹೊರತು ಒಂದು ಗುಳ್ಳೆಯೂ ಏಳಲಿಲ್ಲ. ಆಮೇಲೆ ದೋಣಿಯನ್ನು ಕಲ್ಲುಗಳ ಮೇಲೆ ಕೂರಿಸಿ ಒಳಗೆ ಪಾದ ಮುಳುಗುವಷ್ಟು ನೀರು ತುಂಬಿ, ಕೆಳಗೆ ಮಲಗಿ ನೋಡಿದೆವು. ಒಂದು ಹನಿ ಬೀಳಲಿಲ್ಲ. ಇಬ್ಬರೂ ಕೂತು ಕೆರೆ ಸುತ್ತಿ ಬಂದೆವು. ಒಳಗೆ ಧೂಳು ಹಾರುವಷ್ಟು ಒಣಗಿತ್ತು. ಆದರೂ ಇರಲಿ ಎಂದು ತಳದಲ್ಲಿ ಕಂಡ ಗೀರುಗಳಿಗೆಲ್ಲ ರೆಸಿನ್ ಅಂಟು ಮೆತ್ತಲು ಹೊರಟೆವು. ಗಟ್ಟಿಯಾಗಲೆಂದು ಬೆರೆಸುವ ದ್ರವವನ್ನು ನಾನು ಧಾರಾಳವಾಗಿ ಸುರಿದದ್ದರಿಂದ ಅದು ತೆಂಗಿನ ಚಿಪ್ಪಿನಲ್ಲೇ ಹೊಗೆಯಾಡಿ ಬ್ರಷ್ಷಿನ ಸಮೇತ ಕಲ್ಲಾಯಿತು. ಗುರುವಾರವೂ ಬಂದುಬಿಟ್ಟಿತು. ನಿಜ ಹೇಳಬೇಕೆಂದರೆ, ಅಷ್ಟು ಹೊತ್ತಿಗೆ ನನಗೂ ಒಳಗೊಳಗೇ ಕಾಲ್ಗುಣದ ಅನುಮಾನ ಶುರುವಾಗಿತ್ತು. ಅದನ್ನು ನಯಾಜನ ಕಿವಿಯಲ್ಲಿ ಹೇಳಿದೆ.

"ತೌಬಾ! ಅಮ್ಮ ನಿಂಗೆ ಎಷ್ಟು ಸಲ ಮುದ್ದೆ ಹಾಕವ್ರೆ, ಹಂಗಂತೀಯಲ್ಲ! ನಾವು ಹಿಂದೆ ಕೂರ್ತೀವಿ. ಅವರು ಮುಂದೆ ಕೂತಿದ್ರು. ಅವರ ಜಾಗದಲ್ಲಿ ಮೀನಿನ ಮೇವಿನ ಮೂಟೆ ಇಟ್ಟು ನೋಡಾಣ."

ನನ್ನ ಹೆಂಡತಿ ಮನೆಯಿಂದ ರಂಗೋಲಿ ಪುಡಿ ತಂದು ದೋಣಿಯೊಳಗೆಲ್ಲ ಉದುರಿಸಿದಳು; ಒದ್ದೆಯಾದ ಕಡೆ ತಾನೇ ಗೊತ್ತಾಗುತ್ತದೆ ಎಂದಳು. ಮೂಟೆಗಳನ್ನು ಮುಂದೆ ಪೇರಿಸಿ ದೋಣಿಯನ್ನು ನೀರಿಗೆ ನೂಕಿದೆವು. ನಾವು ಹಿಂದೆ ಕೂತಾಗ ನೀರಿನಿಂದ ಮೇಲೇ ಇರುತ್ತಿದ್ದ ಮೂತಿ ತಗ್ಗಿ ನೀರಿಗಿಳಿಯಿತು. ಮೂವರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ, ಮೂತಿಯ ಒಳಗಿನಿಂದ ಒಂದು ಒದ್ದೆ ಗೆರೆ ಇಳಿದು ಬಂದು ಬಿಳಿ ಪುಡಿಯನ್ನು ಕಪ್ಪಗೆ ಮಾಡುತ್ತಾ ಹರಿಯಿತು.

"ಸಿಕ್ತು!" ಎಂದು ಕುಣಿದೆ. ನಯಾಜ್ ದೋಣಿಯನ್ನು ದಡಕ್ಕೆಳೆದು ಮೂತಿಯ ಹೊರಭಾಗ ನೋಡಿದ. ಅಲ್ಲಿ ಆಯುಧಪೂಜೆಯ ಅರಿಶಿನ ಕುಂಕುಮ ಇನ್ನೂ ದಪ್ಪಗೆ ಅಂಟಿತ್ತು. ದೇವರ ಕುಂಕುಮವೆಂದು ವಾರವಿಡೀ ನಾವು ಅದೊಂದು ಜಾಗವನ್ನು ಬಿಟ್ಟು ಉಳಿದದ್ದನ್ನೆಲ್ಲ ಕೆರೆದಿದ್ದೆವು. ಹೆಂಡತಿ ಕೈಮುಗಿದು ಒದ್ದೆ ಬಟ್ಟೆಯಿಂದ ಒರೆಸಿದಳು. ಕೆಳಗೆ ಜೇಡನ ಕಾಲಿನಂತೆ ನಾಲ್ಕೂ ಕಡೆ ಹರಡಿದ ಬಿರುಕು. ನಡುವೆ ತೆಂಗಿನಕಾಯಿ ಬಡಿದಂತೆ ದುಂಡಗಿನ ಒಂದು ಸಣ್ಣ ತಗ್ಗು. ನಯಾಜ್ ಮೆಲ್ಲಗೆ ಮೊಬೈಲ್ ತೆಗೆದು ಆ ವೀಡಿಯೊ ಹಾಕಿ ನನ್ನ ಮುಂದೆ ಹಿಡಿದ.

ಬಿರುಕನ್ನು ಉಜ್ಜಿ, ಫೈಬರ್ ಬಟ್ಟೆ ಹಾಸಿ ರೆಸಿನ್ ಬಳಿದೆವು. ಬೆರೆಸುವ ಕೆಲಸ ನನಗೆ ಕೊಡಲಿಲ್ಲ. ಆಮೇಲೆ ದೊಡ್ಡಮ್ಮನ ಮನೆಗೆ ಹೋಗಿ ತಲೆತಗ್ಗಿಸಿ ವಿಷಯ ಹೇಳಿದೆ. "ಹಂಗಾದ್ರೆ ಮೂಟೆ ಇಟ್ರೂ ಸೋರ್ತಾ?" ಎಂದು ಎರಡೆರಡು ಸಲ ಕೇಳಿ, ಕಣ್ಣೊರೆಸಿಕೊಂಡು, ಬೀದಿಗೆಲ್ಲ ಕೇಳುವಂತೆ ನಕ್ಕರು.

ಶುಕ್ರವಾರ ದಾರಿಯುದ್ದಕ್ಕೂ ನಾನು ದೋಣಿಯ ತಳ ಬಿಟ್ಟು ಬೇರೇನೂ ನೋಡಲಿಲ್ಲ. ಬಾಗಿನ ತೇಲಿಹೋದದ್ದು ತುಂಬ ಚೆನ್ನಾಗಿತ್ತಂತೆ. ಪಾದ ಒಣಗಿಯೇ ಇತ್ತು. ದಡಕ್ಕೆ ಬಂದ ಮೇಲೆ ಗಂಗಮ್ಮನಿಗೆ ಒಂದು ಕಾಯಿ ಒಡೆಯಬೇಕಲ್ಲ? ಈ ಸಲ ಬುದ್ಧಿವಂತನಾಗಿ ಕಲ್ಲು ಹುಡುಕಿ ಅದರ ಮೇಲೆ ಹೊಡೆದೆ. ಒಡೆಯಲಿಲ್ಲ. ಮತ್ತೆ ಹೊಡೆದೆ. ಜುಟ್ಟು ಕಿತ್ತುಬಂತು.

"ಇತ್ಲಾಗ್ ಕೊಡ್ಲಾ," ಎಂದರು ದೊಡ್ಡಮ್ಮ. "ನಿಂಗೆ ದೋಣಿ ಒಡೆಯಾಕ್ ಮಾತ್ರ ಬರ್ತದೆ." ಒಂದೇ ಏಟು. ಸಮನಾಗಿ ಎರಡು ಹೋಳು. ನಯಾಜ್ ಅದನ್ನೂ ವೀಡಿಯೊ ಮಾಡಿ ನನಗೆ ಕಳುಹಿಸಿದ್ದಾನೆ. ಇದನ್ನು ಮಾತ್ರ ಕಾರ್ಖಾನೆಯಲ್ಲಿ ಇನ್ನೂ ಯಾರಿಗೂ ತೋರಿಸಿಲ್ಲ.