ಜತೆಗೊಂದು ಎದೆನೋವು

ನಮ್ಮೂರ ಸೆಲೂನಿನಲ್ಲಿ ಕತ್ತರಿ ಕೆಳಗಿಟ್ಟ ಮೇಲೆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ‘ಲಟಕ್’ ಎನ್ನಿಸುತ್ತಾರಲ್ಲ, ಆ ಸುಖ ಜರ್ಮನಿಯಲ್ಲಿಲ್ಲ. ಇಂಗೋಲ್‌ಸ್ಟಾಟ್ ಪಕ್ಕದ ಪುಟ್ಟ ಊರೊಂದರಲ್ಲಿ ಕಾರಿನ ಸಾಫ್ಟ್‌ವೇರ್ ಬರೆಯುತ್ತಿದ್ದ ಉಡುಪಿಯ ಪ್ರಭಂಜನ ಮೂರು ವರ್ಷದಿಂದ ಆ ಲಟಕ್‌ಗಾಗಿ ಹಂಬಲಿಸಿದ್ದ. ಹಂಬಲಿಸಿ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಆ ಮಂಗಳವಾರ ಹನ್ನೊಂದು ಗಂಟೆಗೆ ವಿದೇಶಿಯರ ಕಚೇರಿಯಲ್ಲಿ ಅವನ ಕೆಲಸದ ಪರವಾನಗಿಯಾದ ಬ್ಲೂ ಕಾರ್ಡಿನ ನವೀಕರಣಕ್ಕೆ ಟರ್ಮೀನ್ ಇತ್ತು. ಐದು ತಿಂಗಳು ಕಾದು ಪಡೆದ ಭೇಟಿಯ ಸಮಯ. ಕಾರ್ಡು ಆ ವಾರಕ್ಕೇ ಮುಗಿಯುತ್ತಿತ್ತು. ಹೊಸ ಕಾಗದ ಕೈಗೆ ಬಾರದೆ ಶನಿವಾರ ತಂಗಿಯ ಮದುವೆಗೆ ವಿಮಾನ ಹತ್ತಿದರೆ ಮರಳಿ ಬರುವಂತಿಲ್ಲ. ಆಫೀಸರ ಮುಂದೆ ಸಭ್ಯನಾಗಿ ಕಾಣಬೇಕೆಂದು ಬೆಳಿಗ್ಗೆ ಏಳಕ್ಕೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಊರ ಕಡೆಯವನೇ ಆದ ರೂಮ್‌ಮೇಟ್ ವಿವಿಯನ್‌ಗೆ ತಲೆ ಒಪ್ಪಿಸಿದ.

ಕಟಿಂಗ್ ಮುಗಿಸಿದ ವಿವಿಯನ್ ಕೈ ಒರೆಸಿಕೊಂಡು, “ಒಂದು ಲಟಕ್ ಸಹ ಮಾಡುವನಾ?” ಎಂದ.

“ಗೊತ್ತುಂಟಾ ನಿಂಗೆ?”

“ಎಂತ ಮಾರಾಯ, ಎರಡು ವೀಡಿಯೋ ನೋಡಿದ್ದೇನೆ.”

ಲಟಕ್ ಬಂತು. ಕುತ್ತಿಗೆ ಬಲಕ್ಕೆ ಹೋಯಿತು, ವಾಪಸು ಬರಲಿಲ್ಲ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಅವನ ಕೊರಳಿಗೊಂದು ಪಟ್ಟಿ ಬಿಗಿದು, “ಕೂತಿರಿ, ನಾಲ್ಕೈದು ಗಂಟೆ ಆಗಬಹುದು” ಎಂದಳು. ಗಡಿಯಾರ ನೋಡಲು ಪ್ರಭಂಜನ ಇಡೀ ಮೈಯನ್ನೇ ತಿರುಗಿಸಬೇಕಾಯಿತು. ಎಂಟು ಗಂಟೆ.

“ಎದೆನೋವು ಸಹ ಉಂಟು ಅಂತ ಹೇಳು,” ವಿವಿಯನ್ ಪಿಸುಗುಟ್ಟಿದ. “ಎದೆ ಅಂದ್ರೆ ಇವ್ರು ಓಡಿ ಬರ್ತಾರೆ.”

“ಸುಳ್ಳಲ್ವಾ ಅದು?”

“ನಿಂಗೆ ಸತ್ಯ ಬೇಕಾ, ಟರ್ಮೀನ್ ಬೇಕಾ?”

ಟರ್ಮೀನೇ ಬೇಕಿತ್ತು. ಪ್ರಭಂಜನ ಎದೆ ಹಿಡಿದುಕೊಂಡು ನರಳಿದ, ಅದೂ ತಪ್ಪಾಗಿ ಬಲಗಡೆ.

“ಎದೆಯೂ ಕುತ್ತಿಗೆಯೂ ಒಟ್ಟಿಗೇ ನೋಯುತ್ತಿದೆಯಾ?” ನರ್ಸಿನ ಮುಖದ ಬಣ್ಣವೇ ಬದಲಾಯಿತು. ಮರುಕ್ಷಣ ಅವನು ಗಾಲಿಮಂಚದ ಮೇಲಿದ್ದ. ಇಬ್ಬರು ಡಾಕ್ಟರು ಓಡಿಬಂದರು. ಇಸಿಜಿ ಹಚ್ಚಿದರು, ರಕ್ತ ತೆಗೆದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಒಳಗೇ ಹರಿದಿದ್ದರೆ ಹೀಗೆ ಎರಡೂ ಕಡೆ ನೋವು ಬರುತ್ತದೆ, ತಕ್ಷಣ ಸಿ.ಟಿ. ಸ್ಕ್ಯಾನ್ ಆಗಬೇಕು ಎಂದರು. ಕೇಳಿದ್ದೇ ತಡ, ಪ್ರಭಂಜನನಿಗೆ ನಿಜಕ್ಕೂ ಎದೆ ಡವಗುಟ್ಟತೊಡಗಿತು. ಅವನ ಸುಳ್ಳಿಗೆ ಅವನದೇ ಹೃದಯ ಸಾಕ್ಷಿ ಹೇಳುವ ಹಾಗೆ ಮಾನಿಟರ್ ಕೀಂ ಕೀಂ ಎಂದು ಕಿರುಚಿಕೊಂಡಿತು.

“ಡಾಕ್ಟರ್, ನೋವು ಹೋಯಿತು!”

“ಬಂದು ಹೋಗುವ ನೋವನ್ನಂತೂ ನಂಬಲೇಬಾರದು,” ಎಂದರು ಡಾಕ್ಟರು.

ಯಂತ್ರದೊಳಗೆ ಮಲಗಿಸಿ ಕೈಯ ನರಕ್ಕೆ ಔಷಧಿ ಬಿಟ್ಟರು. ಮೈಯೆಲ್ಲ ಬಿಸಿಯಾಗಿ, ಚಡ್ಡಿ ಒದ್ದೆ ಮಾಡಿಕೊಂಡೆನೇನೋ ಎಂದು ಅವನಿಗೆ ಗಾಬರಿಯಾಯಿತು. ನಡುಗಿದ. ಚಿತ್ರ ಮಸುಕಾಯಿತು, ಮತ್ತೊಮ್ಮೆ ತೆಗೆದರು. ‘ಮೂವತ್ತನಾಲ್ಕು ವರ್ಷದ ಕತ್ತೆ ನಾನು, ಎರಡು ವೀಡಿಯೋ ನೋಡಿದವನ ಕೈಗೆ ತಲೆ ಕೊಟ್ಟೆ,’ ಎಂದು ತನಗೆ ತಾನೇ ಬೈದುಕೊಂಡ. ಆಮೇಲೆ ಎರಡನೇ ಸಲದ ರಕ್ತಪರೀಕ್ಷೆ. ಕೊನೆಗೆ ತೀರ್ಪು ಬಂತು: ರಕ್ತನಾಳ ಸರಿಯಿದೆ, ಮೂಳೆ ಸರಿಯಿದೆ, ಕುತ್ತಿಗೆಯ ಸ್ನಾಯು ಉಳುಕಿದೆ ಅಷ್ಟೆ.

ಆಗ ಹತ್ತೂ ನಲವತ್ತು. ವಿವಿಯನ್ ಕಾರು ಓಡಿಸಿದ. ಹನ್ನೊಂದಕ್ಕೆ ಎರಡು ನಿಮಿಷವಿದ್ದಾಗ ಪ್ರಭಂಜನ ಏದುಸಿರು ಬಿಡುತ್ತ, ಏಡಿಯಂತೆ ಅಡ್ಡಡ್ಡ ನಡೆದು ಕಚೇರಿಯ ಕೌಂಟರ್ ಮುಟ್ಟಿದ. ಗೆದ್ದೆ ಅನ್ನಿಸಿತು.

“ಇವತ್ತಿನ ಟರ್ಮೀನ್ ಎಲ್ಲ ರದ್ದಾಗಿದೆ,” ಎಂದಳು ಅಲ್ಲಿದ್ದ ಹೆಂಗಸು. “ನಿಮ್ಮ ಆಫೀಸರ್ ಬೆಳಿಗ್ಗೆ ಸೈಕಲ್‌ನಿಂದ ಬಿದ್ದು ಕುತ್ತಿಗೆಗೆ ಪೆಟ್ಟು ಮಾಡಿಕೊಂಡರು. ಎಂಟೂವರೆಗೆ ಸ್ಕ್ಯಾನ್, ಹತ್ತಕ್ಕೆಲ್ಲ ಬಂದುಬಿಡುತ್ತೇನೆ ಎಂದಿದ್ದರು. ಅಷ್ಟರಲ್ಲಿ ಎದೆನೋವಿನವನೊಬ್ಬನನ್ನು ಒಳಗೆ ಕರೆದೊಯ್ದರಂತೆ. ಅವನಿಗೆ ಎರಡೆರಡು ಸಲ ಸ್ಕ್ಯಾನ್ ಮಾಡಿದರಂತೆ. ಇವರು ಕಾದು ಕಾದು ಸಾಕಾಗಿ, ಇನ್ನು ಸೋಮವಾರವೇ ಬರುತ್ತೇನೆ ಎಂದು ಈಗಷ್ಟೇ ಫೋನ್ ಮಾಡಿದರು.”

ಅವಳು ಪ್ರಭಂಜನನ ಕೊರಳಪಟ್ಟಿ ನೋಡಿದಳು, ಕೈಗೆ ಕಟ್ಟಿದ್ದ ಆಸ್ಪತ್ರೆಯ ಚೀಟಿ ನೋಡಿದಳು. ದನಿ ತಗ್ಗಿಸಿ ಕೇಳಿದಳು:

“ನೀವೂ ಅಲ್ಲಿಂದಲೇ ಬಂದ ಹಾಗಿದೆ. ಪಾಪ, ಆ ಎದೆನೋವಿನ ಮನುಷ್ಯ ಬದುಕಿದನಾ?”

“ಬದುಕಿದ್ದಾನೆ,” ಎಂದ ಪ್ರಭಂಜನ. “ತಂಗಿಯ ಮದುವೆಗೆ ಹೋಗುವುದಕ್ಕೆ ಮಾತ್ರ ಆಗುವುದಿಲ್ಲವಂತೆ.”